ಮೈಲಾರಿಗೆ ಕಲಿಸಿದ ಇಂಗ್ಲಿಷ್

ಈ ಸಂಗತಿಯನ್ನು ಮೊದಲು ಹೇಳಿದವರು ಬಸವಾಪಟ್ಟಣದ ಲಕ್ಷ್ಮಕ್ಕ. ಹೇಳಿದ್ದು 2023ರಲ್ಲಿ, ಶ್ರಾವಣ ಕಳೆದ ಮೊದಲ ಸೋಮವಾರ, ತಮ್ಮ ಮನೆಯ ಜಗುಲಿಯಲ್ಲಿ ಶೇಂಗಾ ಸುಲಿಯುತ್ತ. ಕೇಳಲು ಕುಳಿತಿದ್ದವರು ಐದಾರು ಮಂದಿ. ಲಕ್ಷ್ಮಕ್ಕ ಒಂದು ಕಾಲಕ್ಕೆ ದುರುಗಪ್ಪ ಮೇಷ್ಟ್ರ ಇಂಗ್ಲಿಷ್ ರಂಗದಲ್ಲಿ ದೊರೆಸಾನಿಯ ಪಾತ್ರ ಮಾಡಿದವರು. ಆ ದಿನ ಮೇಷ್ಟ್ರ ಪಕ್ಕದಲ್ಲಿ ಬಸ್ಸಿನಲ್ಲಿ ಕುಳಿತಿದ್ದವರು, ಮೇಷ್ಟ್ರ ಮನಸ್ಸಿನೊಳಗಿನ ಸಂಗತಿಗಳನ್ನು ಆಮೇಲೆ ಮೇಷ್ಟ್ರ ಬಾಯಿಂದಲೇ ಕೇಳಿಕೊಂಡವರು. ಎರಡನೆಯ ಸಲ ಹೇಳುವಾಗ ಅವರ ಬಾಯಲ್ಲಿ ಬಸ್ಸು ಕಾರಾಯಿತು, ಇಪ್ಪತ್ತೈದು ಜನರ ಚಪ್ಪರ ಇನ್ನೂರು ಜನರದಾಯಿತು. ಇಲ್ಲಿ ಮೊದಲ ಸಲದ ಬಸ್ಸನ್ನೂ ಮೊದಲ ಸಲದ ಜನರನ್ನೂ ಉಳಿಸಿಕೊಂಡಿದೆ.

ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಹೊನ್ನಾಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಾಗಲೇ ದುರುಗಪ್ಪನಿಗೆ ತಾನು ಇಳಿದುಬಿಡಬೇಕೆನ್ನಿಸಿತು. ಇಳಿಯಲು ಕಾರಣವೂ ಇತ್ತು, ಇಳಿಯದಿರಲು ಕಾರಣವೂ ಇತ್ತು, ಎರಡೂ ಒಂದೇ ಕಾರಣವಾಗಿದ್ದುದರಿಂದ ಅವನು ಕುಳಿತೇ ಇದ್ದ. ಹಿಂದಿನ ದಿನ ನ್ಯಾಮತಿಯಿಂದ ಮೈಲಾರಿಯ ಮೊಮ್ಮಗಳು ರಕ್ಷಾ ಫೋನು ಮಾಡಿದ್ದಳು. ‘ಸಾರ್, ನಾಳೆ ನನ್ನ ನಿಶ್ಚಿತಾರ್ಥ. ನೀವು ಬರಲೇಬೇಕು. ಊಟ ಆದಮೇಲೆ ತಾತ ನಿಮ್ಮ ನಾಟಕದ ರಾಜನ ಮಾತು ಹೇಳ್ತಾರೆ. ನಮ್ಮ ಅತ್ತೆಯೋರು ಜಗಳೂರು ಕಾಲೇಜಿನಾಗೆ ಇಂಗ್ಲಿಷ್ ಲೆಕ್ಚರರ್ರು ಸಾರ್, ತಾತನ ಇಂಗ್ಲಿಷ್ ಕೇಳಲೇಬೇಕು ಅಂತ ರೆಕಾರ್ಡ್ ಮಾಡ್ಕೊಳಾಕೆ ರೆಡಿ ಆಗಿದಾರೆ.’ ಹುಡುಗಿಯ ದನಿಯಲ್ಲಿ ಹೆಮ್ಮೆಯಿತ್ತು. ದುರುಗಪ್ಪ ‘ಬರ್ತೀನಿ ತಾಯಿ’ ಎಂದ. ಫೋನು ಇಟ್ಟ ಮೇಲೆ ಅವನ ಹೆಂಡತಿ, ‘ಯಾಕೆ ಬೆವರ್ತೀರಿ? ಫ್ಯಾನ್ ಐತಲ್ಲ’ ಎಂದಳು.

ಮೈಲಾರಿ ತ್ಯಾವಣಿಗೆಯವನು, ದುರುಗಪ್ಪನ ಕೇರಿಯವನೇ, ಅವನಿಗಿಂತ ಆರು ವರ್ಷ ದೊಡ್ಡವನು. ಈಗ ನ್ಯಾಮತಿಯಲ್ಲಿ ಮಗಳು ಅಂಜಿನಮ್ಮನ ಮನೆಯಲ್ಲಿದ್ದಾನೆ. ಕೇರಿಯಲ್ಲಿ ದುರುಗಪ್ಪ ಅವನನ್ನು ಕರೆಯುತ್ತಿದ್ದುದು ಮೈಲಾರಣ್ಣ ಎಂದು, ನಾಟಕದ ತಾಲೀಮಿನಲ್ಲಿ ಕರೆಯುತ್ತಿದ್ದುದು ಬರೀ ಮೈಲಾರಿ ಎಂದು. ಕೇರಿಯಿಂದ ತಾಲೀಮಿನ ಶೆಡ್ಡಿಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಎಲ್ಲಿ ಆ ‘ಅಣ್ಣ’ ಉದುರಿಹೋಗುತ್ತಿತ್ತೆಂಬುದನ್ನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಳ್ಳದೆ ಇದ್ದದ್ದು, ಬಸ್ಸು ನಿಲ್ದಾಣ ಬಿಟ್ಟು ಹೊರಳುತ್ತಿದ್ದಾಗ ಥಟ್ಟನೆ ಹೊಳೆದು, ದುರುಗಪ್ಪ ಕಿಟಕಿಯ ಸರಳನ್ನು ಹಿಡಿದುಕೊಂಡ.

‘ಅಂಗಿಗೆ ಇಸ್ತ್ರಿ ಜೋರಾಗೈತೆ ಮೇಷ್ಟ್ರೆ,’ ಪಕ್ಕದಲ್ಲಿ ಕುಳಿತಿದ್ದ ಲಕ್ಷ್ಮಕ್ಕ ಅಂದಳು. ‘ಮದುವಿ ಗಂಡು ನೀವೋ, ರಕ್ಷಾನ್ನ ಕಟ್ಕೊಳ್ಳೋ ಆ ಸುದೀಪನೋ?’

‘ಸುಮ್ನಿರು ಲಕ್ಷ್ಮಕ್ಕ.’

‘ಸುಮ್ನೆ ಇರಾಕೆ ಬಸ್ಸಿನಾಗೆ ಯಾಕೆ ಬರಬೇಕಿತ್ತು, ಮನ್ಯಾಗೇ ಇರ್ತಿದ್ದೆ. ಅಲ್ರೀ, ಆ ದೊರೆಸಾನಿ ಪಾರ್ಟಿನಾಗೆ ನಾನು ಒಂದು ಕೈ ಹಿಂಗೆ ಎತ್ತಿ ಏನೋ ಅಂತಿದ್ದೆನಲ್ಲ, ಅದೇನು ಅಂತ ಇವತ್ತಾದ್ರೂ ಹೇಳ್ರಿ.’

‘ಚಹಾ ತಣ್ಣಗಾಯಿತು ಅಂತ.’

‘ಇಷ್ಟೇನಾ?’ ಲಕ್ಷ್ಮಕ್ಕ ನಿಜವಾಗಿಯೂ ಪೆಚ್ಚಾದಳು. ‘ನಾನು ಏನೋ ದೊಡ್ಡ ಶಾಪ ಅನ್ಕಂಡಿದ್ದೆ. ಅದನ್ನ ಹೇಳುವಾಗ ನನಗೆ ಕಣ್ಣಾಗೆ ನೀರು ಬರ್ತಿತ್ತು.’

ದುರುಗಪ್ಪ ನಗಲಿಲ್ಲ. ಅರ್ಥ ಹೇಳದೆ ಕಲಿಸುವುದೇ ಅವನ ರಂಗದ ಪದ್ಧತಿಯಾಗಿತ್ತು, ಅದರ ಬಗ್ಗೆ ಅವನಿಗೆ ಅಭಿಮಾನವಿತ್ತು, ಸಭೆಗಳಲ್ಲಿ ಅದನ್ನು ಹೇಳಿಕೊಂಡೂ ಇದ್ದ. 1992ರಲ್ಲಿ ತ್ಯಾವಣಿಗೆಯಲ್ಲಿ ಇಂಗ್ಲಿಷ್ ರಂಗ ಕಟ್ಟಿದಾಗ ಅವನ ನಟರಲ್ಲಿ ಹತ್ತಕ್ಕೆ ಏಳು ಜನ ಕನ್ನಡವನ್ನೂ ಓದಲಾರದವರು. ದೊಡ್ಡಾಟದ ಮೇಷ್ಟ್ರುಗಳು ಮಾಡುತ್ತಿದ್ದಂತೆ ಅವನೂ ಪುಸ್ತಕ ಕೊಡಲಿಲ್ಲ. ಒಂದೊಂದು ಮಾತನ್ನು ಬಾಯಿಂದ ಬಾಯಿಗೆ ಇಳಿಸಿದ. ಪ್ರದರ್ಶನದ ದಿನ ತಾನು ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ನಟನ ಬೆನ್ನ ಹಿಂದೆ, ಪರದೆಯ ಸಂದಿಯಲ್ಲಿ ಕುಳಿತು, ಮಾತಿನ ಮೊದಲರ್ಧವನ್ನು ಪಿಸುಗುಟ್ಟುತ್ತಿದ್ದ. ನಟರು ಅದನ್ನು ಬೆನ್ನದನಿ ಎನ್ನುತ್ತಿದ್ದರು. ಬೆನ್ನದನಿ ಏನು ಹೇಳಿತೋ ಅದನ್ನು ತಿರುಗಿ ನೋಡದೆ ನುಡಿಯಬೇಕು: ಅದೊಂದೇ ನಿಯಮ. ಅವನ ಬಾಲ್ಯದಲ್ಲಿ ತ್ಯಾವಣಿಗೆಯ ದೊಡ್ಡಾಟದಲ್ಲಿ ರಾಜನ ಪಾತ್ರ ಒಂದು ಮನೆತನಕ್ಕೆ, ಮಂತ್ರಿಯ ಪಾತ್ರ ಇನ್ನೊಂದು ಮನೆತನಕ್ಕೆ ಮೀಸಲು. ಅವನ ಕೇರಿಗೆ ಮೀಸಲಾಗಿದ್ದದ್ದು ಹಲಗೆ ಬಾರಿಸುವುದು ಮತ್ತು ದೀವಟಿಗೆ ಹಿಡಿಯುವುದು. ಆಟದ ಉದ್ದಕ್ಕೂ ದೀವಟಿಗೆ ಹಿಡಿದು ನಿಂತ ಅವನ ಅಪ್ಪನ ಮುಖದ ಮೇಲೆ ಎಲ್ಲರಿಗಿಂತ ಹೆಚ್ಚು ಬೆಳಕು ಬಿದ್ದಿರುತ್ತಿತ್ತು, ಆದರೆ ಆ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯಾವ ಪಾತ್ರವೂ ಯಾರ ಮನೆಗೂ ಮೀಸಲಿಲ್ಲವೆಂಬುದನ್ನು ಕಾಲೇಜಿನಲ್ಲಿ ಕಂಡುಕೊಂಡ ದಿನ ಅವನು ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ಗಟ್ಟಿಯಾಗಿ ಓದಿದ್ದ. ಹೊಸ ಮನೆಗೆ ಮೊದಲ ಸಲ ಕಾಲಿಟ್ಟವನ ಹಾಗೆ ಆ ಭಾಷೆಯ ಕೋಣೆ ಕೋಣೆಗೂ ಹೋಗಿ ಬಂದಿದ್ದ. ಎಲ್ಲೂ ಯಾರೂ ತಡೆದಿರಲಿಲ್ಲ.

ಆ ಮನೆಯಲ್ಲಿ ತಾನು ಮೊದಲು ಬರೆದ ಪಾತ್ರ ಯಾವುದು? ಬಸ್ಸು ಬತ್ತದ ಗದ್ದೆಗಳ ನಡುವೆ ಓಡುತ್ತಿತ್ತು. ಕಾಲುವೆಯ ನೀರು ರಸ್ತೆಯ ಪಕ್ಕ ಜೊತೆಜೊತೆಗೇ ಬರುತ್ತಿತ್ತು, ಬಿಡಿಸಿಕೊಳ್ಳಲಾಗದ ನೆಂಟನಂತೆ. 1993ರಲ್ಲಿ ಜಿಲ್ಲಾ ಮಟ್ಟದ ನಾಟಕ ಸ್ಪರ್ಧೆ. ನೋಡಲು ಬರುವವರು ಅಧಿಕಾರಿಗಳು, ಅವರ ಹೆಂಡತಿಯರು, ಕಾಲೇಜಿನ ಪ್ರಾಂಶುಪಾಲರು. ಅವರನ್ನು ನಗಿಸಿದರೆ ಬಹುಮಾನ. ಅವನು ಒಂದು ಪ್ರಹಸನ ಬರೆದ. ಬ್ರಿಟಿಷ್ ಸಾಹೇಬನ ಬಂಗಲೆ, ದೊರೆಸಾನಿ, ಅರ್ಜಿ ಹಿಡಿದು ಬರುವ ಒಬ್ಬ ಕುಡುಕ. ಕುಡುಕನಿಗೆ ಒಂದು ಉದ್ದನೆಯ ಮಾತು. ದೊಡ್ಡ ನಿಘಂಟು ತೆರೆದು, ಯಾರೂ ಬಳಸದ ಹಳೆಯ ಪದಗಳನ್ನು ಆರಿಸಿ ಆರಿಸಿ ಅದರಲ್ಲಿ ಕೂರಿಸಿದ. ಅದರ ಕನ್ನಡ ಇಷ್ಟು: ‘ಒಡೆಯಾ, ನಾನು ಕೊಚ್ಚೆಯಲ್ಲಿ ಹುಟ್ಟಿದ ಕಂತ್ರಿನಾಯಿ. ನನ್ನಪ್ಪನೂ ನಾಯಿ, ಅವನಪ್ಪನೂ ನಾಯಿ. ನಿಮ್ಮ ಬೂಟೇ ನನ್ನ ಗುಡಿ. ಒಂದು ಹೂಜಿ ಹೆಂಡಕ್ಕೆ ನನ್ನ ಹೆಂಡತಿಯನ್ನು ನಿಮಗೆ ಒಪ್ಪಿಸುತ್ತೇನೆ.’ ಬರೆಯುವಾಗ ಅವನಿಗೆ ಇದು ಯಾವ ಕೇರಿಯ ಮನುಷ್ಯನೆಂದು ಹೊಳೆದಿರಲಿಲ್ಲವೆ? ಹೊಳೆದಿತ್ತು. ಪೆನ್ನು ಒಂದು ಕ್ಷಣ ನಿಂತಿತ್ತು. ಪಾತ್ರ ಮಾಡಲು ಇಡೀ ತಾಲ್ಲೂಕಿನಲ್ಲಿ ತಕ್ಕ ಮೈಯಿದ್ದವನು ಮೈಲಾರಿ ಒಬ್ಬನೇ ಎಂದೂ ಆ ಕ್ಷಣದಲ್ಲೇ ಹೊಳೆದಿತ್ತು.

ಮೈಲಾರಿ ಅದರ ಹಿಂದಿನ ವರ್ಷವಷ್ಟೇ ಹಲಗೆ ಕೆಳಗಿಟ್ಟಿದ್ದ. ಇಟ್ಟದ್ದೂ ಸುಮ್ಮನೆ ಅಲ್ಲ. ಊರ ಮುಂದೆ, ‘ಇನ್ನು ಮೇಲೆ ಯಾರ ಹೆಣದ ಮುಂದೂ ಬಾರಿಸಲ್ಲ’ ಎಂದು ಹೇಳಿ ಇಟ್ಟಿದ್ದ. ಮೂರು ತಿಂಗಳು ಊರಿನ ಯಾವ ಹೊಲದಲ್ಲೂ ಅವನಿಗೆ ಕೂಲಿ ಸಿಕ್ಕಿರಲಿಲ್ಲ. ದಾವಣಗೆರೆಗೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದು ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ್ದ. ‘ತಲೆ ಬಗ್ಗಿಸೋ ಪಾರ್ಟು ಮಾತ್ರ ಕೊಡಬ್ಯಾಡ್ರಿ ಮೇಷ್ಟ್ರೆ,’ ಎಂದು ತಾಲೀಮಿನ ಮೊದಲ ದಿನವೇ ಹೇಳಿದ್ದ. ಸ್ಪರ್ಧೆಗೆ ಹನ್ನೊಂದು ದಿನ ಉಳಿದಿತ್ತು.

‘ಇದು ರಾಜನ ಪಾರ್ಟು ಮೈಲಾರಣ್ಣ,’ ಎಂದಿದ್ದ ದುರುಗಪ್ಪ. ಶೆಡ್ಡಿನೊಳಗೆ ಅಣ್ಣ ಎಂದು ಕರೆದದ್ದು ಅದೊಂದೇ ಸಲ. ‘ವೇಷ ಮರೆಸ್ಕಂಡು ಸಾಹೇಬನ್ನ ಪರೀಕ್ಷೆ ಮಾಡಾಕೆ ಬರ್ತಾನೆ.’

‘ರಾಜ ಆದ್ರೆ ಬಗ್ಗೋದು ಯಾಕೆ?’

‘ಬಗ್ಗೋದು ವೇಷ. ರಾಜ ಬಗ್ಗಲ್ಲ.’

ಮೈಲಾರಿ ಬಹಳ ಹೊತ್ತು ಯೋಚಿಸಿದ್ದ. ಆಮೇಲೆ ಅವನ ಮುಖದಲ್ಲಿ ಮೂಡಿದ ಸಂತೋಷವನ್ನು ದುರುಗಪ್ಪ ಈಗ ಬಸ್ಸಿನ ಮುಂದಿನ ಸೀಟಿನ ರೆಗ್ಜಿನ್ ಹರಿದ ಜಾಗದಲ್ಲಿ ಮತ್ತೆ ಕಂಡು, ದೃಷ್ಟಿ ತಿರುಗಿಸಿದ.

ಸ್ಪರ್ಧೆಯ ಸಂಜೆ ಮೈಲಾರಿ ವೇಷವನ್ನು ಬಗ್ಗಿಸಿದ, ಆದರೆ ಕುತ್ತಿಗೆ ಮಾತ್ರ ಎಷ್ಟು ನೆಟ್ಟಗಿತ್ತೆಂದರೆ ಅದರಿಂದಲೇ ದೃಶ್ಯ ಇನ್ನಷ್ಟು ನಗೆಪಾಟಲಾಯಿತು. ಕೊಚ್ಚೆಯ ನಾಯಿ ಚಕ್ರವರ್ತಿಯ ಗತ್ತಿನಲ್ಲಿ ಹೆಂಡತಿಯನ್ನು ಹರಾಜು ಹಾಕುತ್ತಿದೆ. ತೀರ್ಪುಗಾರರಲ್ಲೊಬ್ಬರು ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬೆನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದ ದುರುಗಪ್ಪನಿಗೆ ಆ ನಗೆಯ ಒಂದೊಂದು ಅಲೆಯೂ ತನ್ನನ್ನು ಎತ್ತಿ ಆ ಮುಂದಿನ ಸಾಲಿನ ಕುರ್ಚಿಗಳ ಕಡೆಗೆ ಒಯ್ಯುತ್ತಿದೆ ಎನ್ನಿಸಿತ್ತು. ಅವನ ಎದುರಿಗಿದ್ದದ್ದು ಮೈಲಾರಿಯ ಬೆನ್ನು. ಹರಕು ಕೋಟಿನ ಮೇಲೆ ಬೆವರಿನ ಕಲೆ ದೊಡ್ಡದಾಗುತ್ತಿತ್ತು. ‘ಯಾಕೆ ನಕ್ರು ಮೇಷ್ಟ್ರೆ?’ ಒಳಗೆ ಬಂದು ಮೈಲಾರಿ ಕೇಳಿದ. ‘ರಾಜನ ಗುರ್ತು ಸಿಕ್ತು ಅಂತ ಖುಷಿಗೆ,’ ಎಂದ ದುರುಗಪ್ಪ. ಮೊದಲ ಬಹುಮಾನ ಬಂತು. ಫೋಟೋದಲ್ಲಿ ಫಲಕ ಹಿಡಿದವನು ಅವನು. ಮೈಲಾರಿ ಕೊನೆಯಲ್ಲಿ ನಿಂತಿದ್ದಾನೆ, ಅರ್ಧ ಭುಜ ಚೌಕಟ್ಟಿನ ಹೊರಗೆ.

ಆ ಫಲಕದ ಬಲದಿಂದ ರಂಗ ಬೆಳೆಯಿತು. ಹೊನ್ನಾಳಿಗೆ ಹೋಯಿತು, ಜಗಳೂರಿನ ಶಾಲೆಯ ಬಯಲಿಗೆ ಹೋಯಿತು. ಅಲ್ಲಿ ಸೊಕ್ಕೆಯ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಜನ ಒಂದು ಮಾತೂ ಅರ್ಥವಾಗದೆ ಎರಡು ಗಂಟೆ ಅಲುಗಾಡದೆ ಕುಳಿತಿದ್ದು, ಕೊನೆಗೆ ಮೈಲಾರಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಮ್ಮವನೊಬ್ಬ ಇಂಗ್ಲಿಷ್ ಆಡಿದ. ಅಷ್ಟು ಸಾಕಾಗಿತ್ತು ಅವರಿಗೆ. ಆಮೇಲೆ ಕೇರಿಕೇರಿಗಳಲ್ಲಿ ಮದುವೆಯಾದರೆ, ಹೊಸ ಮನೆ ಹೊಕ್ಕರೆ, ಮಗು ಹೆಸರಿಡಿಸಿಕೊಂಡರೆ ಮೈಲಾರಿಯನ್ನು ಕರೆಸಿ ರಾಜನ ಮಾತು ಹೇಳಿಸುವುದು ಒಂದು ಪದ್ಧತಿಯೇ ಆಯಿತು. ಅದಕ್ಕೆ ಅರ್ಥವನ್ನೂ ಮೈಲಾರಿಯೇ ಕೂಡಿಸಿಕೊಂಡ. ತ್ಯಾವಣಿಗೆಯಲ್ಲಿ ‘ನನ್ನ ಪ್ರಜೆಗಳು ಉಣ್ಣೋವರೆಗೂ ನಾನು ಉಣ್ಣಲ್ಲ’ ಎಂದಿದ್ದ ಅರ್ಥ, ನ್ಯಾಮತಿಗೆ ಬರುವ ಹೊತ್ತಿಗೆ ‘ನನ್ನ ರಾಜ್ಯದಾಗೆ ಯಾರೂ ತಲೆ ಬಗ್ಗಿಸಂಗಿಲ್ಲ’ ಎಂದಾಗಿತ್ತು. ಮಾತು ಮಾತ್ರ ಬದಲಾಗಲಿಲ್ಲ. ಆದರೆ ಸವೆಯಿತು. ಹೊಳೆಯ ಕಲ್ಲಿನ ಹಾಗೆ ಮೂಲೆಗಳೆಲ್ಲ ಹೋಗಿ, ಒಂದು ಪದ ಇನ್ನೊಂದರೊಳಗೆ ಕರಗಿ, ಎಂಟು ವರ್ಷದ ಹಿಂದೆ ಒಂದು ಮದುವೆಯಲ್ಲಿ ಕೇಳಿದಾಗ ಬರೆದ ದುರುಗಪ್ಪನಿಗೇ ಅದು ಪೂರ್ತಿ ಗುರುತು ಸಿಕ್ಕಿರಲಿಲ್ಲ. ಅಂದು ಅವನಿಗೆ ನೆಮ್ಮದಿಯಾಗಿತ್ತು. ಆದರೆ ಅಂದು ಕೇಳಲು ಕುಳಿತವರಲ್ಲಿ ಜಗಳೂರು ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಇರಲಿಲ್ಲ. ಆಕೆಯ ಕೈಯಲ್ಲಿ ತಿರುಗಿಸಿ ತಿರುಗಿಸಿ ಕೇಳಬಹುದಾದ ಫೋನೂ ಇರಲಿಲ್ಲ.

ಬಸ್ಸು ಸೇತುವೆ ಹತ್ತಿತು. ಕೆಳಗೆ ತುಂಗಭದ್ರೆ ಬೇಸಿಗೆಗೆ ಇಳಿದು ಬಂಡೆಗಳ ನಡುವೆ ಹರಿಯುತ್ತಿತ್ತು. ಹೊನ್ನಾಳಿಯಲ್ಲಿ ಇಳಿದು ನ್ಯಾಮತಿಯ ಬಸ್ಸಿಗೆ ಕಾಯುವಾಗ ಅವನು ರಕ್ಷಾಳ ನಂಬರು ಒತ್ತಿದ. ‘ಹಲೋ ಸಾರ್’ ಎಂದು ಆ ಕಡೆಯಿಂದ ದನಿ ಬಂದೊಡನೆ, ‘ಹೊನ್ನಾಳಿಗೆ ಬಂದೀವಿ’ ಎಂದಷ್ಟೇ ಹೇಳಿ ಇಟ್ಟ. ಏನು ಹೇಳಬೇಕಾಗಿತ್ತು? ನಿಮ್ಮ ತಾತನ ಬಾಯಿ ಮುಚ್ಚಿಸು ಎಂದೆ? ಯಾಕೆ ಎಂದರೆ? ನಡುವಯಸ್ಸಿನ ಒಬ್ಬ ಕಂಡಕ್ಟರು ಬಂದು ಕಾಲು ಮುಟ್ಟಿದ. ‘ಗುರ್ತು ಸಿಗ್ಲಿಲ್ವಾ ಸಾರ್? ನಿಮ್ಮ ಇಂಗ್ಲಿಷ್ ನಾಟಕದಾಗೆ ನಾನು ಬಾಗ್ಲು ಆಗಿದ್ದೆ. ಸಾಹೇಬ ಬಂದ್ರೆ ತೆರೀತಿದ್ದೆ, ಹೋದ್ರೆ ಮುಚ್ಚುತಿದ್ದೆ.’ ‘ಈಗ್ಲೂ ಅದೇ ಕೆಲ್ಸ ಅಲ್ವೇನಪ್ಪ,’ ಎಂದಳು ಲಕ್ಷ್ಮಕ್ಕ. ಕಂಡಕ್ಟರು ಬಿದ್ದು ಬಿದ್ದು ನಕ್ಕ. ನಗೆ ದುರುಗಪ್ಪನ ಕಿವಿಗೆ ಮುಂದಿನ ಸಾಲಿನ ನಗೆಯಂತೆ ಕೇಳಿಸಿತು.

ನ್ಯಾಮತಿಗೆ ಇನ್ನು ಮೂರು ಮೈಲಿ ಇರುವಾಗ ಅವನಿಗೆ ಉಪಾಯ ಹೊಳೆಯಿತು. ಎಷ್ಟು ಸರಳವಾಗಿ ಹೊಳೆಯಿತೆಂದರೆ ಮೂವತ್ತು ವರ್ಷ ಯಾಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು. ಬೆನ್ನದನಿ. ತಾನು ಸ್ಟೂಲು ಹಾಕಿಕೊಂಡು ಮೈಲಾರಿಯ ಹಿಂದೆ ಕೂರಬೇಕು. ಕೂತು ಬೇರೆ ಮಾತು ಕೊಡಬೇಕು. ಮೈಲಾರಿ ತಾನಾಗಿ ಕಟ್ಟಿಕೊಂಡಿರುವ ಅರ್ಥಕ್ಕೆ ತಕ್ಕ ಇಂಗ್ಲಿಷನ್ನು ಇವತ್ತಾದರೂ ಬರೆದು ಅವನ ಬಾಯಿಗೆ ಇಡಬೇಕು. ಟಿಕೆಟ್ಟಿನ ಹಿಂದೆ ಪೆನ್ಸಿಲಿನಿಂದ ಬರೆದ: ಇನ್ ಮೈ ರೆಲ್ಮ್ ನೋ ಹೆಡ್ ಶಲ್ ಬೌ. ನನ್ನ ರಾಜ್ಯದಲ್ಲಿ ಯಾರ ತಲೆಯೂ ಬಾಗಕೂಡದು. ಬರೆದು ಓದಿಕೊಂಡ. ಚೆನ್ನಾಗಿತ್ತು. ಮೂವತ್ತು ವರ್ಷದ ಹಿಂದೆ ಇದನ್ನೇ ಬರೆಯಬಹುದಾಗಿತ್ತು ಎಂಬ ಯೋಚನೆ ಬಂದದ್ದೇ ಪೆನ್ಸಿಲನ್ನು ಜೇಬಿಗಿಟ್ಟುಕೊಂಡ.

ಮನೆಯ ಮುಂದೆ ಶಾಮಿಯಾನ. ಒಳಗೆ ಇಪ್ಪತ್ತೈದು ಜನ. ಮೇಜಿನ ಮೇಲೆ ಬುದ್ಧನ ಮೂರ್ತಿಗೆ ಬಿಳಿ ಸೇವಂತಿಗೆ. ಉಂಗುರ ಬದಲಾಯಿಸಿ, ತ್ರಿಶರಣ ಹೇಳಿ, ಊಟ ಮುಗಿದಿತ್ತು. ಗಂಡಿನ ತಾಯಿ ಸುನಿತಾ ಐವತ್ತರ ಹೆಂಗಸು, ಸೊಕ್ಕೆಯ ಹೊಲಗಳಿಂದ ಓದಿಕೊಂಡೇ ಮೇಲೆ ಬಂದವಳು, ಮಾತು ಕಡಿಮೆ. ‘ನಿಮ್ಮ ಹೆಸರು ನಮ್ಮ ಕಡೆ ದೊಡ್ಡದು ಸಾರ್. ಜಗಳೂರಿನಾಗೆ ನೀವು ನಾಟಕ ಆಡಿಸಿದಾಗ ನಮ್ಮಪ್ಪ ನೋಡಿ ಬಂದು, ಮಗಳಿಗೆ ಇಂಗ್ಲಿಷೇ ಓದಿಸ್ತೀನಿ ಅಂದ್ರು,’ ಎಂದಳು. ದುರುಗಪ್ಪ ಕೈ ಮುಗಿದ. ಮುಗಿದ ಕೈ ಬಿಡಿಸಲು ಸ್ವಲ್ಪ ತಡವಾಯಿತು.

ಎಪ್ಪತ್ತನಾಲ್ಕರ ಮೈಲಾರಿ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಎದ್ದು ಬಂದ. ಮಂಡಿ ನೋವಿಗೆ ಅವನಿಗೊಂದು ಕುರ್ಚಿ ಹಾಕಿದ್ದರು. ಅವನು ಅದನ್ನು ಪಕ್ಕಕ್ಕೆ ಸರಿಸಿ ನಿಂತ. ‘ನನಗೊಂದು ಸ್ಟೂಲು ಹಾಕಮ್ಮ ಅಂಜಿನಮ್ಮ, ಹಿಂದೆ ಕೂರ್ತೀನಿ, ಹಳೇ ರೂಢಿ,’ ಎಂದ ದುರುಗಪ್ಪ. ಚಪ್ಪರವೆಲ್ಲ ಚಪ್ಪಾಳೆ ತಟ್ಟಿತು. ಮೈಲಾರಿಯ ಕಣ್ಣು ತುಂಬಿಬಂತು. ಸುನಿತಾ ಫೋನು ಎತ್ತಿ ಹಿಡಿದಳು.

ಬೆನ್ನು ಅದೇ ಬೆನ್ನು. ಮೂಳೆ ಮಾತ್ರ ಹೊರಗೆ ಬಂದಿತ್ತು. ದುರುಗಪ್ಪ ಬಗ್ಗಿ, ಉಸಿರಿನಷ್ಟು ಮೆಲ್ಲಗೆ ಹೊಸ ಮಾತಿನ ಮೊದಲರ್ಧ ಕೊಟ್ಟ: ‘ಇನ್ ಮೈ ರೆಲ್ಮ್...’

ಮೈಲಾರಿ ಬಾಯಿ ತೆರೆದ. ‘ಇನ್ ಮೈ...’ ಎಂದ. ನಿಂತ. ಭುಜ ಬಿಗಿಯಿತು.

‘ನೋ ಹೆಡ್ ಶಲ್ ಬೌ,’ ದುರುಗಪ್ಪ ಅವಸರದಿಂದ ಪಿಸುಗುಟ್ಟಿದ.

ತಿರುಗಿ ನೋಡಬಾರದ ಮನುಷ್ಯ ತಿರುಗಿ ನೋಡಿದ. ‘ಇದಲ್ಲ ಮೇಷ್ಟ್ರೆ.’

‘ಇದೇ. ಹೇಳು.’

‘ಅಲ್ರೀ. ನಂದು ಇದಲ್ಲ.’ ಮೈಲಾರಿ ಜನರ ಕಡೆ ತಿರುಗಿ ನಗುತ್ತ, ‘ಮೇಷ್ಟ್ರಿಗೆ ವಯಸ್ಸಾತು ಕಣ್ರಪ್ಪ, ಮರ್ತು ಹೋಗೈತೆ,’ ಎಂದ. ಎಲ್ಲರೂ ನಕ್ಕರು. ‘ಪರವಾಗಿಲ್ಲ. ಅವರು ನನಗೆ ಹೇಳ್ಕೊಟ್ರು, ಇವತ್ತು ನಾನು ಅವರಿಗೆ ಹೇಳ್ಕೊಡ್ತೀನಿ. ಎದ್ದು ನಿಂತ್ಕೊಳ್ರಿ ಮೇಷ್ಟ್ರೆ. ಇದು ಕುಂತು ಹೇಳೋ ಮಾತಲ್ಲ.’

‘ಬ್ಯಾಡ ಮೈಲಾರಣ್ಣ.’

‘ಏಳ್ರಿ, ಏಳ್ರಿ. ನಾಚ್ಕೆ ಯಾಕೆ?’

ಲಕ್ಷ್ಮಕ್ಕ ಕೂಡ ‘ಏಳ್ರಿ ಮೇಷ್ಟ್ರೆ, ನಮ್ಮನ್ನ ಎಷ್ಟು ಕುಣಿಸಿದೀರಿ’ ಎಂದು ಕೂಗಿದಳು. ಜಗುಲಿಯಲ್ಲಿ ಆ ಕೂಗನ್ನು ಹೇಳುವಾಗ ಆಕೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ದುರುಗಪ್ಪ ಎದ್ದ. ಮೈಲಾರಿ ಅವನನ್ನು ತೋಳು ಹಿಡಿದು ಮುಂದೆ ನಿಲ್ಲಿಸಿ, ತಾನು ಹಿಂದೆ ನಿಂತುಕೊಂಡ. ಕಿವಿಯ ಹತ್ತಿರ ಎಲೆಯಡಿಕೆಯ ವಾಸನೆಯ ಬಿಸಿಯುಸಿರು. ಮೊದಲ ಮಾತು ಬಂತು: ‘ಮೈಲಾಡೈಯಮಕರ್ರು ಬಾನಿಂಡಿಚ್ಚು.’

ಅದನ್ನು ಹಾಗೆಯೇ ಹೇಳಿಬಿಡಬಹುದಾಗಿತ್ತು. ಸವೆದ ಆ ನುಣುಪು ಕಲ್ಲನ್ನು ಹಾಗೆಯೇ ಎತ್ತಿ ಜನರ ಮುಂದಿಟ್ಟಿದ್ದರೆ ಇಂಗ್ಲಿಷಿನ ಎಂತಹ ಪಂಡಿತೆಗೂ ಅದರಲ್ಲಿ ಏನೂ ಸಿಗುತ್ತಿರಲಿಲ್ಲ; ದುರುಗಪ್ಪ ಎದುರಿಗೆ ಫೋನು ಹಿಡಿದಿದ್ದ ಸುನಿತಾಳ ಮುಖವನ್ನು ನೋಡಿ, ಆಕೆಗೆ ಈವರೆಗೆ ಏನೂ ತಿಳಿದಿಲ್ಲ, ಮೈಲಾರಿಯನ್ನು ಅವನ ಪಾಡಿಗೆ ಬಿಟ್ಟಿದ್ದರೆ ಮುಂದೆಯೂ ತಿಳಿಯುತ್ತಿರಲಿಲ್ಲ ಎಂಬುದನ್ನು ಆ ಕ್ಷಣದಲ್ಲಿ ಸ್ಪಷ್ಟವಾಗಿ ಕಂಡ. ಕಾಪಾಡಲು ಬಂದ ತಾನೇ ಬಾಗಿಲು ತೆಗೆದಿದ್ದ. ಈಗಲೂ ಮುಚ್ಚಬಹುದು. ನಾಲಿಗೆ ಸ್ವಲ್ಪ ತೊದಲಿದರೆ ಸಾಕು. ಆದರೆ ಬೆನ್ನಿಗೆ ತಗುಲಿದ್ದ ಮೈಲಾರಿಯ ಎದೆಯಿಂದ ಒಂದು ಸಣ್ಣ ನಡುಕ, ಖುಷಿಯದೋ ವಯಸ್ಸಿನದೋ, ಅವನ ಮೈಗೆ ದಾಟುತ್ತಿತ್ತು, ಅದು ದಾಟುತ್ತಿರುವಾಗ ಈ ಮುದುಕನಿಗೆ ಇನ್ನೊಂದು ಸುಳ್ಳನ್ನು ಕೊಡಲು ತನ್ನಲ್ಲಿ ಶಕ್ತಿಯಿಲ್ಲವೆಂದು ದುರುಗಪ್ಪನಿಗೆ ತಿಳಿಯಿತು. ಅದು ಧೈರ್ಯವಲ್ಲ, ದಣಿವು.

‘ಮೈ ಲಾರ್ಡ್, ಐ ಯಾಮ್ ಎ ಕರ್, ಬಾರ್ನ್ ಇನ್ ಎ ಡಿಚ್,’ ಎಂದ. ಒಂದೊಂದು ಪದವೂ ಬೇರೆಬೇರೆಯಾಗಿ, ಕ್ಲಾಸಿನಲ್ಲಿ ಡಿಕ್ಟೇಷನ್ ಕೊಡುವವನಂತೆ.

ಸುನಿತಾಳ ಮುಗುಳುನಗೆ ಇನ್ನೂ ಇತ್ತು, ಆದರೆ ಕಣ್ಣಿನಿಂದ ಹೋಗಿತ್ತು. ಎರಡನೆಯ ಮಾತು ಬಂತು, ಹೇಳಿದ. ಮೂರನೆಯದಕ್ಕೆ ಆಕೆ ಫೋನು ಕೆಳಗಿಳಿಸಿದಳು. ನಾಲ್ಕನೆಯದಕ್ಕೆ ಎದ್ದು ನಿಂತಳು. ‘ಸಾಕು ಸಾರ್.’

‘ಯಾಕ್ರೀ ಬೀಗರೆ? ಚೊಲೋ ಬಂತಲ್ಲ,’ ಎಂದ ಮೈಲಾರಿ.

‘ಅಪ್ಪಾರೆ, ಇದರ ಅರ್ಥ ಏನ್ರಿ?’

‘ಅರ್ಥ ಗೊತ್ತಿಲ್ದೇನೇ ಮೂವತ್ತು ವರ್ಷ ಹೇಳ್ತೀನೇನ್ರಿ? ನನ್ನ ರಾಜ್ಯದಾಗೆ ಯಾರೂ ತಲೆ ಬಗ್ಗಿಸಂಗಿಲ್ಲ ಅಂತ. ಕೇಳ್ರಿ ಬೇಕಾರೆ ಮೇಷ್ಟ್ರನ್ನ.’

ಸುನಿತಾ ದುರುಗಪ್ಪನನ್ನು ನೋಡಿದಳು. ಆ ನೋಟದಲ್ಲಿ ಒಂದು ಬೇಡಿಕೆಯಿತ್ತು: ಹೌದು ಎಂದುಬಿಡಿ. ಒಂದೇ ಪದ ಸಾಕಾಗಿತ್ತು.

‘ಅಲ್ಲ,’ ಎಂದ ದುರುಗಪ್ಪ. ಆಮೇಲೆ ಕನ್ನಡದಲ್ಲಿ ಹೇಳಿದ. ಕೊಚ್ಚೆ, ನಾಯಿ, ಅಪ್ಪ, ಅವನಪ್ಪ, ಬೂಟು. ಅಷ್ಟು ಹೇಳಿ ನಿಲ್ಲಿಸಿದ.

‘ಕೊನೇದು ಬಾಕಿ ಐತೆ,’ ಎಂದ ಮೈಲಾರಿ. ದನಿ ಬದಲಾಗಿರಲಿಲ್ಲ. ‘ನಾಕು ಮಾತು ಐತೆ ಅದು. ಹೇಳ್ರಿ.’

‘ಮೈಲಾರಣ್ಣ...’

‘ಹೇಳ್ರಿ.’

ಹೇಳಿದ. ಹೆಂಡ, ಹೆಂಡತಿ. ರಕ್ಷಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ನಾನೇ ಬರೆದದ್ದು. ರಾಜ ಇರಲಿಲ್ಲ. ಅವರು ನಗಲಿ ಅಂತ ಬರೆದೆ,’ ಎಂದ ದುರುಗಪ್ಪ. ಇನ್ನೂ ಏನೋ ಹೇಳಬೇಕಾಗಿತ್ತು. ಕ್ಷಮೆ ಎಂಬ ಪದ ಎರಡು ಭಾಷೆಯಲ್ಲೂ ಬಾಯಿಗೆ ಬಂದು, ಎರಡು ಭಾಷೆಯಲ್ಲೂ ನಾಟಕದ ಮಾತಿನಂತೆ ಕೇಳಿಸಬಹುದೆಂದು ಹಿಂದೆ ಸರಿಯಿತು.

ಮೈಲಾರಿ ಪಕ್ಕದ ಕುರ್ಚಿಯನ್ನು ಕೈಯಿಂದ ತಡಕಿ ಕುಳಿತುಕೊಂಡ. ತನ್ನ ಅಂಗೈ ನೋಡಿಕೊಂಡ. ‘ನನ್ನ ಹೆಂಡ್ತಿ ಚೌಡಮ್ಮ ಹೋಗೋ ಹೊತ್ನಾಗೆ,’ ಎಂದ, ಯಾರಿಗೂ ಅಲ್ಲವೆಂಬಂತೆ, ‘ಆಸ್ಪತ್ರೆನಾಗೆ, ಉಸುರು ಮ್ಯಾಲಕ್ಕೆ ಹತ್ತಿತ್ತು. ರಾಜನ ಮಾತು ಹೇಳು ಅಂದ್ಲು. ಮಂಚದ ಮಗ್ಗುಲಿಗೆ ನಿಂತು ಹೇಳಿದೆ. ನಾಕೂ ಮಾತು ಹೇಳಿದೆ. ಕೇಳ್ತಾ ಕೇಳ್ತಾ ಕಣ್ಣು ಮುಚ್ಚಿದ್ಲು.’ ತಲೆಯೆತ್ತಿದ. ‘ಆಕೆಗೆ ನಾನು ಏನು ಹೇಳಿ ಕಳಿಸ್ದೆ ಮೇಷ್ಟ್ರೆ?’

‘ರಾಜನ ಮಾತು,’ ಎಂದ ದುರುಗಪ್ಪ.

‘ಅದನ್ನ ನೀವು ಹೇಳಬ್ಯಾಡ್ರಿ,’ ಎಂದ ಮೈಲಾರಿ ಮೆಲ್ಲಗೆ. ‘ಆಕೆ ಏನು ಕೇಳಿದ್ಲೋ ಅದು ಆಕೆಗೆ ಗೊತ್ತು. ಅದ್ರಾಗೆ ನಿಮಗೆ ಪಾಲಿಲ್ಲ.’

ಸುನಿತಾ ಮೇಜಿನ ಮೇಲಿನ ವೀಳ್ಯದ ತಟ್ಟೆಯನ್ನು ತೆಗೆದುಕೊಂಡು ಬಂದು ಮೈಲಾರಿಯ ಮುಂದೆ ಮಂಡಿಯೂರಿ ಅವನ ಕಾಲು ಮುಟ್ಟಿದಳು. ‘ಅಪ್ಪಾರೆ, ಬುದ್ಧ ಪೂರ್ಣಿಮೆ ಆದಮೇಲೆ ಮದುವಿ ಇಟ್ಕೊಳ್ಳಾಣ. ನೀವು ದಿನ ಹೇಳ್ರಿ.’ ಅವನು ಆಕೆಯ ಕೈಯಿಂದ ತಟ್ಟೆ ತೆಗೆದುಕೊಂಡು, ‘ನಿಮಗೆ ಕಾಲೇಜು ರಜ ಯಾವಾಗ್ರಿ?’ ಎಂದು ಕೇಳಿದ. ಆಕೆ ಹೇಳಿದಳು. ‘ಹಂಗಾರೆ ಅವಾಗೇ ಆಗ್ಲಿ,’ ಎಂದ.

ಅಷ್ಟಾದ ಮೇಲೆ ಅಲ್ಲಿ ಕೂರಲು ಯಾರಿಗೂ ಏನೂ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಮೈಲಾರಿ ಮಂಡಿ ಹಿಡಿದುಕೊಂಡು ಚಪ್ಪರದ ಬಾಯಿಗೆ ಬಂದು ನಿಂತು, ಹೊರಟವರಿಗೆಲ್ಲ ಹೇಳಬೇಕಾದ ಮಾತನ್ನು ಹೇಳಿದ. ಬೀಗರಿಗೆ, ‘ಹೋಗಿ ಬರ್ರಿ’ ಎಂದ. ಅಳಿಯನಾಗುವ ಹುಡುಗನಿಗೆ, ‘ಹೋಗಿ ಬಾ ಮಗ’ ಎಂದ. ಲಕ್ಷ್ಮಕ್ಕನ ತಲೆಯ ಮೇಲೆ ಕೈಯಿಟ್ಟು, ‘ಹೋಗಿ ಬಾ ತಂಗಿ’ ಎಂದ. ಕೊನೆಗೆ ದುರುಗಪ್ಪ ಅವನ ಎದುರಿಗೆ ಬಂದು, ಅವನು ಏನಾದರೂ ಹೇಳಲಿ, ಬೈಯಲಿ ಎಂದು, ತಲೆ ಬಗ್ಗಿಸಿ ನಿಂತ. ಮೈಲಾರಿ ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

‘ಹೋಗ್ರಿ,’ ಎಂದ.

ಲಕ್ಷ್ಮಕ್ಕನ ಜಗುಲಿಯಲ್ಲಿ ಕುಳಿತು ಕೇಳಿದವರೆಲ್ಲ ತಂತಮ್ಮ ಮನೆಗಳಿಗೆ ಹೋದರು.